ಸರ್ವರ್ ಮನೆಯಲ್ಲಿದೆ, ಬಾಗಿಲು ಯಾರ ಕೈಯಲ್ಲಿದೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಾಗಲಿ, ಹೊಸ ಪೀಳಿಗೆಯ ಪ್ರೊಸೆಸರ್ ಆಗಲಿ ಇಲ್ಲದ, ಆದರೆ ದುಡಿಯಲು ಏನೂ ತೊಂದರೆಯಿಲ್ಲದ ಕಂಪ್ಯೂಟರ್‌ಗಳು ಮೂಲೆ ಸೇರಿದವು. ಅವುಗಳಲ್ಲಿ ಒಂದಷ್ಟಕ್ಕೆ ವಿಂಡೋಸ್ ಬದಲು ಡೆಬಿಯನ್ ಎಂಬ ಉಚಿತ ಲಿನಕ್ಸ್ ಹಾಕಿಸಿಕೊಂಡು ಮನೆಯ ಸರ್ವರ್ ಆಗುವ ಯೋಗ ಬಂದಿದೆ. ಫೋಟೋಗಳಿಗೆ ಇಮ್ಮಿಚ್, ಫೈಲುಗಳಿಗೆ ನೆಕ್ಸ್ಟ್‌ಕ್ಲೌಡ್, ಸಿನಿಮಾಗಳಿಗೆ ಜೆಲ್ಲಿಫಿನ್, ಪಾಸ್‌ವರ್ಡ್‌ಗಳಿಗೆ ವಾಲ್ಟ್‌ವಾರ್ಡನ್. ಸಾಫ್ಟ್‌ವೇರನ್ನು ಕಂಟೇನರ್ ಎಂಬ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್‌ನ ಸೂಚನಾಪಟ್ಟಿ, ಅಂದರೆ ಕಂಪೋಸ್ ಫೈಲ್, ಕೈಯಲ್ಲಿದ್ದರೆ ಇವುಗಳಲ್ಲಿ ಯಾವುದನ್ನಾದರೂ ಅರ್ಧ ಗಂಟೆಯಲ್ಲಿ ಓಡಿಸಬಹುದು. ಮನೆಯ ವೈಫೈಯಲ್ಲಿ ಎಲ್ಲವೂ ಚಕಚಕನೆ ತೆರೆದುಕೊಳ್ಳುತ್ತದೆ. ಹೊಸ್ತಿಲು ದಾಟಿ ಮೊಬೈಲ್ ಡೇಟಾಕ್ಕೆ ಬಂದಿರೋ, ಅದೇ ಪುಟ ಸುಮ್ಮನೆ ಸುತ್ತುತ್ತಾ ಕೂರುತ್ತದೆ.

ಸಾಫ್ಟ್‌ವೇರ್ ಹಾಕುವುದು ಈಗ ಕಷ್ಟದ ಕೆಲಸವಲ್ಲ. ಹೊರಗಿನಿಂದ ಒಳಗೆ ಬರುವ ದಾರಿ ಯಾರದ್ದು ಎಂಬುದೇ ಕಷ್ಟದ ಪ್ರಶ್ನೆ. ಡಿಸ್ಕ್ ನಮ್ಮದು, ಡೇಟಾ ನಮ್ಮದು ಎಂದು ಬೀಗುವವರ ಬಾಗಿಲಿನ ಕೀಲಿ ಎಷ್ಟೋ ಸಲ ಬೇರೊಬ್ಬರ ಜೇಬಿನಲ್ಲಿರುತ್ತದೆ.

ವಿಳಾಸವೇ ಇಲ್ಲದ ಮನೆ

ಇಂಟರ್ನೆಟ್‌ನಲ್ಲಿ ಯಂತ್ರಗಳನ್ನು ಗುರುತಿಸುವ ಐಪಿ ವಿಳಾಸದ ಹಳೆಯ ಬಗೆ, ಐಪಿವಿ4, 32 ಬಿಟ್‌ಗಳದ್ದು. ಎಲ್ಲ ಕೂಡಿದರೂ ಸುಮಾರು 429 ಕೋಟಿ. ಜಾಗತಿಕ ದಾಸ್ತಾನು ನೋಡಿಕೊಳ್ಳುವ ಐಯಾನಾ ತನ್ನಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಕಟ್ಟುಗಳನ್ನು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿದ್ದು 2011ರ ಫೆಬ್ರುವರಿ 3ರಂದು. ಆಮೇಲೆ ಇಂಟರ್ನೆಟ್ ಕೊಡುವ ಕಂಪನಿಗಳು ಹಿಡಿದ ದಾರಿ ಸಿಜಿನ್ಯಾಟ್. ಒಂದು ಸಾರ್ವಜನಿಕ ವಿಳಾಸದ ಹಿಂದೆ ಬಹಳಷ್ಟು ಮನೆಗಳನ್ನು ಕೂರಿಸುವ ಏರ್ಪಾಟು ಇದು. ನಿಮ್ಮ ರೂಟರ್ ಮಾಡುವ ನ್ಯಾಟ್ ಕೆಲಸವನ್ನೇ, ಅಂದರೆ ಒಳಗಿನ ವಿಳಾಸಗಳನ್ನು ಒಂದು ಹೊರವಿಳಾಸಕ್ಕೆ ಬದಲಿಸುವುದನ್ನೇ, ಕಂಪನಿಯ ದೊಡ್ಡ ಯಂತ್ರ ಇನ್ನೊಮ್ಮೆ ಮಾಡುತ್ತದೆ. ವಠಾರಕ್ಕೆಲ್ಲ ಒಂದೇ ಮನೆ ನಂಬರ್ ಇದ್ದ ಹಾಗೆ: ಒಳಗಿನವರು ಬರೆದ ಕಾಗದ ಹೊರಗೆ ಹೋಗುತ್ತದೆ, ಅದಕ್ಕೆ ಉತ್ತರವೂ ಬರುತ್ತದೆ. ಹೊರಗಿನವರು ತಾವಾಗಿ ಬರೆದ ಕಾಗದ ಮಾತ್ರ ಯಾವ ಮನೆಗೆ ಸೇರಬೇಕೆಂದು ಗೊತ್ತಾಗದೆ ಕಸದ ಬುಟ್ಟಿಗೆ ಹೋಗುತ್ತದೆ. ಇಂಥ ಪೋರ್ಟ್‌ಗೆ (ಸಂಖ್ಯೆಯಿಟ್ಟ ಬಾಗಿಲಿಗೆ) ಬಂದದ್ದನ್ನು ಇಂಥ ಯಂತ್ರಕ್ಕೆ ಕಳಿಸು ಎನ್ನುವ ಪೋರ್ಟ್ ಫಾರ್ವರ್ಡ್ ನಿಯಮವನ್ನು ನೀವು ರೂಟರ್‌ನಲ್ಲಿ ಎಷ್ಟು ಶ್ರದ್ಧೆಯಿಂದ ಬರೆದರೂ ಪ್ಯಾಕೆಟ್ (ಡೇಟಾದ ತುಂಡು) ಅಲ್ಲಿಯವರೆಗೆ ಬಂದರೆ ತಾನೆ?

ನಿಮ್ಮ ಮನೆ ಈ ವಠಾರದಲ್ಲಿದೆಯೇ ಎಂದು ತಿಳಿಯಲು ಎರಡು ನಿಮಿಷ ಸಾಕು. ರೂಟರ್‌ನ ಸ್ಟೇಟಸ್ ಪುಟ ತೆರೆದು ವ್ಯಾನ್ ಐಪಿ (ಹೊರಬದಿಯ ವಿಳಾಸ) ಎಂದು ತೋರಿಸುವ ಸಂಖ್ಯೆ ಬರೆದುಕೊಳ್ಳಿ. ಬಳಿಕ ನಿಮ್ಮ ಐಪಿ ಯಾವುದೆಂದು ತೋರಿಸುವ ಯಾವುದಾದರೂ ವೆಬ್‌ಸೈಟ್ ನೋಡಿ. ಎರಡೂ ಒಂದೇ ಆಗಿದ್ದರೆ ಸಾರ್ವಜನಿಕ ವಿಳಾಸ ನಿಮಗಿದೆ. ರೂಟರ್ ತೋರಿಸುವುದು 100.64.0.0ರಿಂದ 100.127.255.255ರ ನಡುವಿನದಾದರೆ ಅದು ಸಿಜಿನ್ಯಾಟ್. ಈ ಕಟ್ಟನ್ನು 2012ರಲ್ಲಿ ಅದಕ್ಕೆಂದೇ ತೆಗೆದಿರಿಸಲಾಯಿತು. 10ರಿಂದ ಶುರುವಾಗುವ ವಿಳಾಸ ಕಂಡರೂ ಬಹುಮಟ್ಟಿಗೆ ಅದೇ ಕಥೆ. 192.168ರಿಂದ ಶುರುವಾಗಿದ್ದರೆ ಗಾಬರಿ ಬೇಡ: ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯೇ ಒಂದು ರೂಟರ್ ಆಗಿ, ಅದರ ಹಿಂದೆ ನಿಮ್ಮ ರೂಟರ್ ಕೂತಿರುವ ಸಾಧ್ಯತೆ ಹೆಚ್ಚು. ಪೆಟ್ಟಿಗೆಯನ್ನು, ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ, ಬ್ರಿಡ್ಜ್ ಮೋಡ್‌ಗೆ ಹಾಕಿ ಮತ್ತೆ ಪರೀಕ್ಷಿಸಿ.

ಸಾರ್ವಜನಿಕ ವಿಳಾಸ ಇದ್ದೂ ಬಾಗಿಲು ತೆರೆಯದಿದ್ದರೆ ಕಂಪನಿ ವೆಬ್ ಪುಟಗಳು ಬಳಸುವ 80, 443 ಪೋರ್ಟ್‌ಗಳನ್ನು ಮುಚ್ಚಿದೆಯೇ ನೋಡಬೇಕು. ಈ ಪರೀಕ್ಷೆಯನ್ನು ಮನೆಯ ವೈಫೈಯಲ್ಲಿ ಕೂತು ಮಾಡಬಾರದು. ಒಳಗಿನಿಂದ ತನ್ನದೇ ಹೊರವಿಳಾಸಕ್ಕೆ ಹೋಗಿ ಮರಳಿ ಬರುವ ಹೇರ್‌ಪಿನ್ ನ್ಯಾಟ್ ಎಲ್ಲ ರೂಟರ್‌ಗಳಿಗೂ ಬರುವುದಿಲ್ಲ. ಸರಿಯಾಗಿರುವುದೂ ಕೆಟ್ಟಂತೆ ಕಾಣುತ್ತದೆ. ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ನೋಡಿ.

ಹಾಗಾದರೆ ಐಪಿವಿ6 ಇದೆಯಲ್ಲ? ಇದೆ, ಮತ್ತು ಸಿಕ್ಕವರು ಬಿಡಬಾರದು. 128 ಬಿಟ್‌ಗಳ ವಿಳಾಸ, ಮನೆಯ ಪ್ರತಿ ಸಾಧನಕ್ಕೂ ಸ್ವಂತದ್ದು, ನ್ಯಾಟ್‌ನ ಗೊಡವೆಯಿಲ್ಲ. ಆದರೆ ಮೂರು ಕಡೆ ಕಾಲು ಎಡವುತ್ತದೆ. ಒಂದು, ರೂಟರ್‌ನ ಫೈರ್‌ವಾಲ್ ಹೊರಗಿನಿಂದ ಬರುವುದನ್ನು ಮೊದಲಿನಿಂದಲೇ ತಡೆದಿರುತ್ತದೆ (ತಡೆಯಲೇಬೇಕು). ಒಂದೇ ಯಂತ್ರದ ಒಂದೇ ಪೋರ್ಟ್‌ಗೆ ಅನುಮತಿ ಬರೆಯಲು ಅಗ್ಗದ ರೂಟರ್‌ಗಳಲ್ಲಿ ಜಾಗವೇ ಇರುವುದಿಲ್ಲ. ಎರಡು, ಕಂಪನಿ ಕೊಡುವ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಬದಲಾಗುತ್ತಿದ್ದರೆ ನಿನ್ನೆ ಬರೆದ ಫೈರ್‌ವಾಲ್ ನಿಯಮ ಇವತ್ತು ಇಲ್ಲದ ವಿಳಾಸಕ್ಕೆ ಬಾಗಿಲು ತೆರೆದು ಕೂತಿರುತ್ತದೆ. ರೂಟರ್‌ಗೆ ಹಾಕಬಹುದಾದ ಉಚಿತ ಸಾಫ್ಟ್‌ವೇರ್ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ವಿಳಾಸದ ಕೊನೆಯ 64 ಬಿಟ್‌ಗಳನ್ನಷ್ಟೇ ನೋಡುವಂತೆ ನಿಯಮ ಬರೆಯಬಹುದು. ಅದು ಸರಿಯಾದ ಪರಿಹಾರ. ಮೂರನೆಯದು ಕಣ್ಣಿಗೆ ಬೀಳದ್ದು: ಲಿನಕ್ಸ್ ಯಂತ್ರದಲ್ಲಿ ಗುರುತು ಮರೆಸಲು ಆಗಾಗ ಬದಲಾಗುವ ಪ್ರೈವಸಿ ವಿಳಾಸ ಚಾಲೂ ಇದ್ದರೆ, ಡಿಎನ್‌ಎಸ್‌ಗೆ (ಹೆಸರಿನಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ) ಮನೆಯ ಹೊಸ ವಿಳಾಸ ತಿಳಿಸುತ್ತಿರುವ ಡೈನಮಿಕ್ ಡಿಎನ್‌ಎಸ್ ಸ್ಕ್ರಿಪ್ಟ್ ಆ ತಾತ್ಕಾಲಿಕ ವಿಳಾಸವನ್ನೇ ನೋಂದಾಯಿಸಿಬಿಡಬಹುದು. ಅದರ ಆಯುಸ್ಸು ಮುಗಿದ ದಿನ ಸರ್ವರ್ ನಾಪತ್ತೆ. ಸರ್ವರ್‌ನಲ್ಲಿ ಅದನ್ನು ಆರಿಸಿಬಿಡಿ. ಇಷ್ಟಾದ ಮೇಲೂ ಐಪಿವಿ4 ಮಾತ್ರ ಇರುವ ಕಚೇರಿಯ ನೆಟ್‌ವರ್ಕ್‌ನಿಂದ ನಿಮ್ಮ ಮನೆ ಕಾಣುವುದಿಲ್ಲ. ಆದ್ದರಿಂದ ಐಪಿವಿ6 ಒಂದನ್ನೇ ನಂಬಿಕೊಳ್ಳುವ ಕಾಲ ಇನ್ನೂ ಬಂದಿಲ್ಲ.

ಸುರಂಗಗಳು, ಮತ್ತು ಅವುಗಳ ಬೆಲೆ

ಒಳಗೆ ಬರಲು ದಾರಿಯಿಲ್ಲದಿದ್ದಾಗ ಒಳಗಿನಿಂದಲೇ ಹೊರಗೆ ದಾರಿ ತೋಡಬೇಕು. ಮನೆಯ ಸರ್ವರ್ ತಾನೇ ಹೊರಟು ಎಲ್ಲೋ ಒಂದು ಕಡೆ ಕೊಂಡಿ ಹಾಕಿಕೊಂಡು ಕಾಯುತ್ತದೆ. ಹೊರಗಿನವರು ಆ ಕೊಂಡಿಯ ಮೂಲಕ ಬರುತ್ತಾರೆ. ಆ "ಎಲ್ಲೋ ಒಂದು ಕಡೆ" ಯಾರದ್ದು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಬಹಳ ಜನ ಮೊದಲು ಹೋಗುವುದು ಕ್ಲೌಡ್‌ಫ್ಲೇರ್ ಕಂಪನಿಯ ಟನಲ್ ಸೇವೆಗೆ. ಪುಕ್ಕಟೆ, ಹತ್ತು ನಿಮಿಷದ ಕೆಲಸ, ದಾಳಿಗಳಿಂದ ಒಂದಿಷ್ಟು ರಕ್ಷಣೆ ಬೇರೆ. ಆದರೆ ಬ್ರೌಸರ್‌ನಿಂದ ಬಂದ ಗೂಢಲಿಪಿ ಬಿಚ್ಚುವುದು ಅವರ ಯಂತ್ರದಲ್ಲಿ. ಅಲ್ಲಿಂದ ನಿಮ್ಮ ಮನೆಗೆ ಮತ್ತೆ ಬೇರೆ ಹೊದಿಕೆ. ನಡುವೆ ಎಲ್ಲವನ್ನೂ ಓದಬಲ್ಲ ಸ್ಥಾನದಲ್ಲಿ ಅವರಿದ್ದಾರೆ. ಫೋಟೋಗಳನ್ನು ದೊಡ್ಡ ಕಂಪನಿಯ ಕಣ್ಣಿಂದ ತಪ್ಪಿಸಲೆಂದೇ ಸರ್ವರ್ ಕಟ್ಟಿದವರು ಇದನ್ನು ಒಮ್ಮೆ ಯೋಚಿಸಬೇಕು. ಇನ್ನು ಉಚಿತ ಯೋಜನೆಯಲ್ಲಿ ಒಂದು ಬಾರಿಗೆ 100 ಎಂಬಿಗಿಂತ ದೊಡ್ಡದನ್ನು ಅಪ್‌ಲೋಡ್ ಮಾಡಲಾಗದು. ನೆಕ್ಸ್ಟ್‌ಕ್ಲೌಡ್‌ನ ಆ್ಯಪ್‌ನಂತೆ ಫೈಲನ್ನು ತುಂಡು ಮಾಡಿ ಕಳಿಸುವಂಥವು ಪಾರಾಗುತ್ತವೆ. ಇಡೀ ವಿಡಿಯೋವನ್ನು ಒಂದೇ ಗುಕ್ಕಿಗೆ ಕಳಿಸುವ ಆ್ಯಪ್‌ಗೆ 413 ಎಂಬ ದೋಷ ಬರುತ್ತದೆ. ಚಿತ್ರಗಳೆಲ್ಲ ಸೇರಿವೆ, ಉದ್ದದ ವಿಡಿಯೋಗಳು ಮಾತ್ರ ಸೇರಿಲ್ಲ ಎಂದಾದರೆ ಕಾರಣ ಇದೇ.

ಮನೆಯವರಷ್ಟೇ ಬಳಸುವ ಸರ್ವರ್ ಆದರೆ ಜಗತ್ತಿಗೆಲ್ಲ ಬಾಗಿಲು ತೆರೆಯುವ ಅಗತ್ಯವೇ ಇಲ್ಲ. ವೈರ್‌ಗಾರ್ಡ್ ಎಂಬ ಗೂಢಲಿಪಿ ಸುರಂಗದ ಆಧಾರದ ಟೇಲ್‌ಸ್ಕೇಲ್‌ನಂಥದ್ದನ್ನು ಪ್ರತಿ ಫೋನ್, ಲ್ಯಾಪ್‌ಟಾಪ್‌ಗೆ ಹಾಕಿದರೆ ಅವೆಲ್ಲ ಒಂದೇ ಖಾಸಗಿ ಜಾಲದಲ್ಲಿರುತ್ತವೆ. ಎರಡೂ ತುದಿಗಳು ಒಂದೇ ಹೊತ್ತಿಗೆ ಪರಸ್ಪರ ಯುಡಿಪಿ ಎಂಬ ಬಗೆಯ (ಮೊದಲು ಸಂಪರ್ಕ ಕುದುರಿಸದೆ ಕಳಿಸುವ) ಪ್ಯಾಕೆಟ್ ಕಳಿಸಿ, ಎರಡೂ ಕಡೆಯ ನ್ಯಾಟ್‌ಗಳಲ್ಲಿ ಕಿಂಡಿ ತೆರೆಸಿಕೊಂಡು ನೇರವಾಗಿ ಮಾತಾಡುತ್ತವೆ. ಎರಡೂ ಕಡೆ ಗಡುಸಾದ ನ್ಯಾಟ್ ಇದ್ದರೆ, ಅಂದರೆ ಪ್ರತಿ ಹೊಸ ಗುರಿಗೂ ಹೊಸ ಪೋರ್ಟ್ ಹಂಚುವಂಥದ್ದಾದರೆ, ಕಿಂಡಿ ಹೊಂದುವುದಿಲ್ಲ. ಆಗ ಸಂಚಾರವೆಲ್ಲ ಟೇಲ್‌ಸ್ಕೇಲ್‌ನವರ ರಿಲೇ (ನಡುವೆ ನಿಂತು ದಾಟಿಸುವ) ಸರ್ವರ್ ಮೂಲಕ ಸಾಗುತ್ತದೆ. ಅವರಿಗೆ ಒಳಗಿನದು ಓದಲಾಗದು, ಆದರೆ ವೇಗ ಬಿದ್ದುಹೋಗುತ್ತದೆ. ಟೇಲ್‌ಸ್ಕೇಲ್‌ನ ಸ್ಟೇಟಸ್ ಆಜ್ಞೆ ಕೊಟ್ಟಾಗ ಯಂತ್ರದ ಹೆಸರಿನ ಮುಂದೆ "ಡೈರೆಕ್ಟ್" ಎಂದಿದೆಯೋ "ರಿಲೇ" ಎಂದಿದೆಯೋ ನೋಡಿ. ಸಿನಿಮಾ ನಿಂತು ನಿಂತು ಓಡುವುದರ ಗುಟ್ಟು ಆ ಒಂದು ಪದದಲ್ಲಿರುತ್ತದೆ. ಮನೆ ಕಡೆ ಐಪಿವಿ6 ಚಾಲೂ ಮಾಡಿದರೆ ಎಷ್ಟೋ ಸಲ ರಿಲೇ ತಾನಾಗಿ ಡೈರೆಕ್ಟ್ ಆಗುತ್ತದೆ. ಯಾವ ಯಂತ್ರ ಜಾಲಕ್ಕೆ ಸೇರಿದ್ದೆಂದು ನಿರ್ಧರಿಸುವ ಕೇಂದ್ರವೂ ಬೇರೆಯವರದ್ದಾಗಬಾರದು ಎನ್ನುವವರಿಗೆ, ಆ ಕೇಂದ್ರವನ್ನು ತಾವೇ ನಡೆಸಿಕೊಳ್ಳಲು, ಹೆಡ್‌ಸ್ಕೇಲ್ ಇದೆ.

ಗೆಳೆಯರಿಗೆ ಆಲ್ಬಂ ಕೊಂಡಿ ಕಳಿಸಬೇಕು, ಅವರಿಗೆ ಯಾವ ಆ್ಯಪ್ ಹಾಕಿಸುವುದೂ ಬೇಡ ಎಂದಾದರೆ ಸಾರ್ವಜನಿಕ ವಿಳಾಸವಿರುವ ಸಣ್ಣದೊಂದು ವಿಪಿಎಸ್ (ಕಂಪನಿಯೊಂದರ ಸರ್ವರ್‌ನಲ್ಲಿ ಒಂದು ಪಾಲು) ಬಾಡಿಗೆಗೆ ಹಿಡಿಯುವುದೇ ಒಳ್ಳೆಯದು. ಒಂದು ಕೋರ್, 1 ಜಿಬಿ ಮೆಮೊರಿ ಧಾರಾಳ. ಅದು ಮಾಡುವುದು ಬರೀ ದಾಟಿಸುವ ಕೆಲಸ. ವಿಪಿಎಸ್‌ನಲ್ಲಿ ವೈರ್‌ಗಾರ್ಡ್ 51820ನೇ ಯುಡಿಪಿ ಪೋರ್ಟ್‌ನಲ್ಲಿ ಕಾಯಲಿ, ಮನೆಯ ಸರ್ವರ್ ಅದಕ್ಕೆ ಕರೆ ಮಾಡಲಿ. ಮನೆ ಕಡೆಯ ಸೆಟ್ಟಿಂಗ್‌ನಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಎಂದು ಬರೆಯುವುದನ್ನು ಮರೆತರೆ ಸುರಂಗ ಹಗಲೆಲ್ಲ ಸರಿಯಿದ್ದು, ಯಾರೂ ಬಳಸದೆ ಒಂದಷ್ಟು ಹೊತ್ತು ಕಳೆದ ಮೇಲೆ ಸತ್ತಿರುತ್ತದೆ. ನಡುವಿನ ನ್ಯಾಟ್ ಯಂತ್ರಗಳು ಸುಮ್ಮನಿರುವ ಯುಡಿಪಿ ಸಂಪರ್ಕವನ್ನು ಬೇಗ ಮರೆತುಬಿಡುತ್ತವೆ, ಕೆಲವು 30 ಸೆಕೆಂಡಿಗೇ. 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಹೋಗುತ್ತಿದ್ದರೆ ನೆನಪು ಉಳಿಯುತ್ತದೆ.

ಇಲ್ಲೂ ಗೂಢಲಿಪಿಯನ್ನು ಎಲ್ಲಿ ಬಿಚ್ಚುತ್ತೀರಿ ಎಂಬುದೇ ಮುಖ್ಯ. ವಿಪಿಎಸ್‌ನಲ್ಲೇ ಸರ್ಟಿಫಿಕೇಟ್ (ಸೈಟಿನ ಗುರುತುಪತ್ರ, ಜೊತೆಗೆ ಗೂಢಲಿಪಿಯ ಕೀಲಿ) ಇಟ್ಟರೆ ಕೆಲಸ ಸುಲಭ, ಆದರೆ ಆ ಯಂತ್ರದ ಒಡೆಯರಿಗೆ ಎಲ್ಲ ತೆರೆದ ಪುಸ್ತಕ. ಅದರ ಬದಲು, ಬಂದದ್ದನ್ನು ಮುಂದಕ್ಕೆ ದಾಟಿಸುವ ಎಚ್‌ಎಪ್ರಾಕ್ಸಿ ಅಥವಾ ಎನ್‌ಜಿನೆಕ್ಸ್‌ನ ಸ್ಟ್ರೀಮ್ ಭಾಗ ಬಳಸಿ, ಬಂದ ಟಿಎಲ್‌ಎಸ್ (ಗೂಢಲಿಪಿಯ) ಸಂಪರ್ಕವನ್ನು ಬಿಚ್ಚದೆ ಇಡಿಯಾಗಿ ಮನೆಗೆ ತಳ್ಳಿ. ಸರ್ಟಿಫಿಕೇಟ್ ಮನೆಯ ಸರ್ವರ್‌ನಲ್ಲಿರಲಿ. ಹೀಗೆ ಮಾಡಿದವರು ಬೀಳುವ ಹಳ್ಳ ಒಂದಿದೆ. ಮನೆಯ ಲಾಗ್‌ನಲ್ಲಿ ಎಲ್ಲ ಭೇಟಿಗಳೂ ಸುರಂಗದ ಒಳವಿಳಾಸದಿಂದ, 10.8.0.1 ಎಂದಿಟ್ಟುಕೊಳ್ಳಿ, ಬಂದಂತೆ ಕಾಣುತ್ತವೆ. ಎಲ್ಲೋ ಒಬ್ಬ ದಾಳಿಕೋರ ತಪ್ಪು ಪಾಸ್‌ವರ್ಡ್ ಐದು ಸಲ ಒತ್ತಿದ. ತಪ್ಪು ಲಾಗಿನ್‌ಗಳನ್ನು ಎಣಿಸಿ ತಡೆಯುವ ಫೇಲ್‌2ಬ್ಯಾನ್ ಆ ವಿಳಾಸಕ್ಕೆ ಬೀಗ ಜಡಿಯಿತು. ಹೊರಗಿನವರೆಲ್ಲ, ನಿಮ್ಮನ್ನೂ ಸೇರಿಸಿ, ಹೊರಗೇ! ಎರಡೂ ತುದಿಯಲ್ಲಿ ಪ್ರಾಕ್ಸಿ ಪ್ರೋಟೊಕಾಲ್ ಚಾಲೂ ಮಾಡಿದರೆ ಬಂದವರ ನಿಜವಾದ ವಿಳಾಸ ಮನೆಯವರೆಗೂ ತಲುಪುತ್ತದೆ. ಒಂದೇ ತುದಿಯಲ್ಲಿ ಚಾಲೂ ಮಾಡಿದರೆ ಏನೂ ತೆರೆಯುವುದಿಲ್ಲ, ಅದೂ ನೆನಪಿರಲಿ.

ಚಿತ್ರ ಬಾರದ ಪುಟ

ಸುರಂಗ ಹಾಕಿದವರನ್ನು ವಾರಗಟ್ಟಲೆ ಕಾಡುವ ದೋಷ ಒಂದಿದೆ. ಪಿಂಗ್ (ಇದ್ದೀಯಾ ಎಂದು ಕೇಳುವ ಪುಟ್ಟ ಪ್ಯಾಕೆಟ್) ಹೋಗುತ್ತದೆ. ದೂರದಿಂದಲೇ ಆಜ್ಞೆ ಕೊಡುವ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗುತ್ತದೆ, ಆದರೆ ಉದ್ದದ ಪಟ್ಟಿಯೊಂದನ್ನು ತೋರಿಸು ಎಂದೊಡನೆ ಪರದೆ ಹೆಪ್ಪುಗಟ್ಟುತ್ತದೆ. ಬ್ರೌಸರ್‌ನಲ್ಲಿ ಪುಟದ ಹೆಸರು ಬರುತ್ತದೆ, ಚಿತ್ರ ಬರುವುದಿಲ್ಲ. ಸಣ್ಣದು ದಾಟುತ್ತದೆ, ದೊಡ್ಡದು ದಾಟುವುದಿಲ್ಲ. ಇದು ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ತೊಂದರೆ, ಬೇರೇನೂ ಅಲ್ಲ.

ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್‌ಗೆ 1500 ಬೈಟ್ ಮಿತಿ. ವೈರ್‌ಗಾರ್ಡ್ ತನ್ನ ಹೊದಿಕೆಗೆ ಐಪಿವಿ4 ಮೇಲೆ 60 ಬೈಟ್, ಐಪಿವಿ6 ಮೇಲೆ 80 ಬೈಟ್ ತಿನ್ನುತ್ತದೆ. ಹಾಗಾಗಿ ಅದರ ರೂಢಿಯ ಎಂಟಿಯು 1420. ಆದರೆ ರೂಟರ್ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರಿಕೊಳ್ಳುವ ಪಿಪಿಪಿಒಇ ಸಂಪರ್ಕದಲ್ಲಿ ದಾರಿಯೇ 1492 ಬೈಟ್‌ನದ್ದು. ಐಪಿವಿ6 ಮೇಲೆ ಸುರಂಗ ಹೋದರೆ 1420 ಮತ್ತು 80 ಸೇರಿ 1500 ಆಗುತ್ತದೆ, 8 ಬೈಟ್ ಹೆಚ್ಚು. ಐಪಿವಿ4 ಅನ್ನು ಐಪಿವಿ6ರೊಳಗೆ ತುರುಕಿ ಸಾಗಿಸುವ ಡಿಎಸ್-ಲೈಟ್ ಸಂಪರ್ಕಗಳಲ್ಲಿ ಇನ್ನೂ 40 ಬೈಟ್ ಹೋಗಿ 1460 ಉಳಿಯುತ್ತದೆ. ಅಲ್ಲಿ ಐಪಿವಿ4 ಸುರಂಗದ ಎಂಟಿಯು 1400 ದಾಟಬಾರದು. ಪ್ಯಾಕೆಟ್ ದೊಡ್ಡದಾಯಿತು ಎಂದು ನಡುವಿನ ಯಂತ್ರ ಹೇಳಿ ಕಳಿಸುವ ಐಸಿಎಂಪಿ ಸಂದೇಶವನ್ನು ಯಾವುದೋ ಫೈರ್‌ವಾಲ್ ನುಂಗಿದರೆ ಕಳಿಸಿದವನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅವನು ಅದನ್ನೇ ಮತ್ತೆ ಮತ್ತೆ ಕಳಿಸುತ್ತಾನೆ.

ಪರೀಕ್ಷೆ ಸರಳ. ಸುರಂಗದ ಆಚೆ ತುದಿಗೆ, ತುಂಡು ಮಾಡಬೇಡ ಎಂಬ ಸೂಚನೆಯೊಂದಿಗೆ 1392 ಬೈಟ್‌ನ ಪಿಂಗ್ ಕಳಿಸಿ. ಅದರ 28 ಬೈಟ್ ತಲೆಬರಹ ಸೇರಿ 1420 ಆಗುತ್ತದೆ. ಉತ್ತರ ಬಾರದಿದ್ದರೆ 20ರಷ್ಟು ಇಳಿಸುತ್ತಾ ಹೋಗಿ. ಉತ್ತರ ಬಂದ ಸಂಖ್ಯೆಗೆ 28 ಕೂಡಿಸಿ, ಅದನ್ನು ಎರಡೂ ತುದಿಯಲ್ಲಿ ಎಂಟಿಯು ಎಂದು ಬರೆಯಿರಿ. ಫೋನ್‌ಗಳಿಗೆ ಇಷ್ಟೆಲ್ಲ ಲೆಕ್ಕ ಬೇಡ, ನೇರವಾಗಿ 1280 ಕೊಟ್ಟುಬಿಡಿ. ವೇಗದಲ್ಲಿ ಆಗುವ ನಷ್ಟ ಕಣ್ಣಿಗೆ ಕಾಣುವಷ್ಟಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಮನೆಯ ಜಾಲಕ್ಕೆ 192.168.0 ಅಥವಾ 192.168.1 ಎಂಬ ಸಾಲನ್ನು ಇಡಬೇಡಿ. ಹೋದಲ್ಲೆಲ್ಲ ವೈಫೈ ಅದೇ ಸಾಲಿನದ್ದಾಗಿರುತ್ತದೆ. ಸುರಂಗ ಹಾಕಿದರೂ ನಿಮ್ಮ ಫೋನ್ ಮನೆಯ ಸರ್ವರ್ ಬಿಟ್ಟು ಪಕ್ಕದ ಮೇಜಿನ ಪ್ರಿಂಟರ್ ಹುಡುಕುತ್ತದೆ. 10.73.20ರಂಥ ಯಾರೂ ಮುಟ್ಟದ ಸಾಲು ಆರಿಸಿಕೊಳ್ಳಿ.

ಕರಗುತ್ತಿರುವ ಸರ್ಟಿಫಿಕೇಟ್‌ಗಳು

ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಮತ್ತು ಬ್ರೌಸರ್ ತಯಾರಕರ ಒಕ್ಕೂಟ 2025ರ ಏಪ್ರಿಲ್‌ನಲ್ಲಿ ಟಿಎಲ್‌ಎಸ್ ಸರ್ಟಿಫಿಕೇಟ್‌ಗಳ ಗರಿಷ್ಠ ಆಯುಸ್ಸು ಇಳಿಸಲು ಒಪ್ಪಿತು: 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಮನೆಯ ಸರ್ವರ್‌ನವರು ಹೆಚ್ಚಾಗಿ ಬಳಸುವ ಲೆಟ್ಸ್ ಎನ್‌ಕ್ರಿಪ್ಟ್ ಶುರುವಿನಿಂದಲೂ 90 ದಿನದ್ದನ್ನು ಕೊಡುತ್ತಿತ್ತು, ಹಾಗಾಗಿ ಆಘಾತವೇನಿಲ್ಲ. ಆದರೆ ಅವಧಿ ಮುಗಿಯುತ್ತಿದೆ ಎಂದು ಎಚ್ಚರಿಸುತ್ತಿದ್ದ ಅವರ ಇಮೇಲ್‌ಗಳು 2025ರ ಜೂನ್ 4ಕ್ಕೆ ನಿಂತವು. ನವೀಕರಣದ ಕೆಲಸ ಎಲ್ಲೋ ಮುರಿದಿದ್ದರೆ ಈಗ ಮೊದಲು ತಿಳಿಸುವುದು ಬ್ರೌಸರ್‌ನ ಕೆಂಪು ಪುಟವೇ. ಸೈಟು ಸರಿಯಿದೆಯೇ ಎಂದು ಕಾಯುವ ಅಪ್‌ಟೈಮ್ ಕುಮಾದಂಥದ್ದರಲ್ಲಿ ಸರ್ಟಿಫಿಕೇಟ್ ಎಚ್ಚರಿಕೆ ಹಾಕಿಡಿ.

ಸಿಜಿನ್ಯಾಟ್ ಹಿಂದಿದ್ದು ಹೊರಗಿನಿಂದ ದಾರಿಯಿಲ್ಲದವರಿಗೆ 80ನೇ ಪೋರ್ಟ್ ಮೂಲಕ ಗುರುತು ತೋರಿಸುವ ಪದ್ಧತಿ ನಡೆಯುವುದಿಲ್ಲ. ಡಿಎನ್‌ಎಸ್-01 ಬಳಸಬೇಕು: ಡೊಮೇನ್‌ನ ದಾಖಲೆಗಳಲ್ಲಿ ಒಂದು ಟಿಎಕ್ಸ್‌ಟಿ ಸಾಲು ಬರೆದು ತೋರಿಸಿದರೆ ಆಯಿತು, ಯಾರೂ ಮನೆಗೆ ಬರಬೇಕಿಲ್ಲ. ಅದಕ್ಕೆ ಸರ್ವರ್‌ನಲ್ಲಿ ಡಿಎನ್‌ಎಸ್ ಕಂಪನಿಯ ಟೋಕನ್ (ಪಾಸ್‌ವರ್ಡ್‌ನಂಥ ಕೀಲಿ) ಇಡಬೇಕಾಗುತ್ತದೆ. ಇಡೀ ಖಾತೆಯ ಟೋಕನ್ ಅಲ್ಲ, ಆ ಒಂದು ಡೊಮೇನ್‌ಗೆ ಸೀಮಿತವಾದದ್ದು. ಮತ್ತೊಂದು: ಕೊಟ್ಟ ಪ್ರತಿ ಸರ್ಟಿಫಿಕೇಟ್‌ನ ಹೆಸರೂ ಸಾರ್ವಜನಿಕ ದಾಖಲೆಗೆ ಸೇರುತ್ತದೆ. ಪಾಸ್‌ವರ್ಡ್ ಸರ್ವರ್‌ಗೆ "ವಾಲ್ಟ್" ಎಂದು ಹೆಸರಿಟ್ಟು ಪ್ರತ್ಯೇಕ ಸರ್ಟಿಫಿಕೇಟ್ ತೆಗೆದರೆ ಆ ಪಟ್ಟಿ ಓದುತ್ತಾ ಕೂತಿರುವ ಬಾಟ್‌ಗಳು ಸ್ವಲ್ಪ ಹೊತ್ತಿನಲ್ಲೇ ಬಾಗಿಲು ತಟ್ಟುತ್ತವೆ. ಡೊಮೇನ್‌ನ ಎಲ್ಲ ಉಪಹೆಸರುಗಳಿಗೂ ಸಲ್ಲುವ ವೈಲ್ಡ್‌ಕಾರ್ಡ್ ಒಂದನ್ನು ತೆಗೆದುಕೊಂಡರೆ ಒಳಗಿನ ಹೆಸರುಗಳು ಒಳಗೇ ಉಳಿಯುತ್ತವೆ.

ಮನೆಯೊಳಗಿನಿಂದ ಅದೇ ಹೆಸರು ನೇರವಾಗಿ ಸರ್ವರ್‌ನ ಒಳವಿಳಾಸಕ್ಕೆ ಹೋಗುವಂತೆ ಡಿಎನ್‌ಎಸ್‌ನಲ್ಲಿ ಬರೆದಿಡುವುದು ಒಳ್ಳೆಯದು. ಇಂಟರ್ನೆಟ್ ಬಿದ್ದ ದಿನವೂ ಫೋಟೋ ಸಿಗುತ್ತದೆ. ಬ್ರೌಸರ್ ತನ್ನದೇ ಸುರಕ್ಷಿತ ಡಿಎನ್‌ಎಸ್ ಬಳಸುತ್ತಿದ್ದರೆ ಈ ಏರ್ಪಾಟನ್ನು ತಪ್ಪಿಸಿಕೊಂಡು ಹೋಗುತ್ತದೆ, ಅದನ್ನು ಆರಿಸಬೇಕು. ಜಾಹೀರಾತು ತಡೆಯುವ ಮನೆಯ ಡಿಎನ್‌ಎಸ್ ಆದ ಪೈ-ಹೋಲ್ ಇಟ್ಟವರು "ಒಂದು ವೇಳೆ ಕೆಟ್ಟರೆ" ಎಂದು ಎರಡನೇ ಡಿಎನ್‌ಎಸ್ ಆಗಿ ಹೊರಗಿನದನ್ನು ಕೊಡುತ್ತಾರೆ. ಎಷ್ಟೋ ಸಾಧನಗಳು ಮೊದಲನೆಯದು ಕೆಡಲೆಂದು ಕಾಯುವುದಿಲ್ಲ, ಮನಬಂದಂತೆ ಎರಡನ್ನೂ ಕೇಳುತ್ತವೆ. ಎರಡನೆಯದು ಬೇಕಿದ್ದರೆ ಅದೂ ಪೈ-ಹೋಲ್ ಆಗಿರಲಿ.

ಬೀಗ ಹಾಕಿದೆ ಎಂದುಕೊಂಡ ಬಾಗಿಲು

ಡಾಕರ್ ಬಳಸುವವರಲ್ಲಿ ಎಷ್ಟೋ ಜನ ಯುಎಫ್‌ಡಬ್ಲ್ಯು ಫೈರ್‌ವಾಲ್ ಚಾಲೂ ಮಾಡಿ ನಿಶ್ಚಿಂತರಾಗುತ್ತಾರೆ. ಕಂಪೋಸ್ ಫೈಲಿನಲ್ಲಿ ಪೋರ್ಟ್ ಎಂದು 8080:80 ಬರೆದರೆ ಡಾಕರ್ ತಾನೇ ಲಿನಕ್ಸ್‌ನ ಮೂಲ ಫೈರ್‌ವಾಲ್ ಪಟ್ಟಿಯಾದ ಐಪಿಟೇಬಲ್ಸ್‌ಗೆ ನಿಯಮ ಸೇರಿಸುತ್ತದೆ. ಆ ಪ್ಯಾಕೆಟ್‌ಗಳು ಯುಎಫ್‌ಡಬ್ಲ್ಯು ಕಾವಲಿರುವ ದಾರಿಗೆ ಬರುವುದೇ ಇಲ್ಲ. ಯುಎಫ್‌ಡಬ್ಲ್ಯು "ಎಲ್ಲ ಮುಚ್ಚಿದೆ" ಎನ್ನುತ್ತಿರುವಾಗಲೇ ಡೇಟಾಬೇಸ್ ಬಾಗಿಲು ಹಾರುಹೊಡೆದಿರುತ್ತದೆ. ಮನೆಯಲ್ಲಿ ರೂಟರ್‌ನ ನ್ಯಾಟ್ ಇದನ್ನು ಮುಚ್ಚಿಹಾಕುತ್ತದೆ. ಅದೇ ಫೈಲನ್ನು ವಿಪಿಎಸ್‌ಗೆ ನಕಲು ಮಾಡಿದ ದಿನ ಬಯಲಾಗುತ್ತದೆ. 127.0.0.1:8080:80 ಎಂದು ಬರೆದರೆ ಆ ಪೋರ್ಟ್ ಯಂತ್ರದೊಳಗೇ ಉಳಿಯುತ್ತದೆ. ಬಂದವರನ್ನು ಆಯಾ ಆ್ಯಪ್‌ಗೆ ಕಳಿಸುವ ರಿವರ್ಸ್ ಪ್ರಾಕ್ಸಿ ಮಾತ್ರ ಹೊರಗೆ ಮುಖ ಮಾಡಲಿ. ಡೇಟಾಬೇಸ್‌ಗೆ ಪೋರ್ಟ್ ಸಾಲೇ ಬೇಡ, ಕಂಟೇನರ್‌ಗಳು ತಮ್ಮ ಒಳಜಾಲದಲ್ಲಿ ಹೆಸರು ಹಿಡಿದೇ ಮಾತಾಡಿಕೊಳ್ಳುತ್ತವೆ.

ಅದೇ ಫೈಲಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ "ಲೇಟೆಸ್ಟ್" ಎಂದು ಬರೆದವರಿಗೆ ಒಂದು ಬೆಳಗ್ಗೆ ಅದು ಏಳುವುದೇ ಇಲ್ಲ. ಮುಖ್ಯ ಆವೃತ್ತಿ ಬದಲಾದಾಗ ಹಳೆಯ ಡೇಟಾ ಫೋಲ್ಡರನ್ನು ಹೊಸದು ಓದುವುದಿಲ್ಲ. ಆವೃತ್ತಿ ಸಂಖ್ಯೆ ಬರೆದಿಡಿ. ಏರಿಸುವಾಗ ಮೊದಲು ಪಿಜಿ ಡಂಪ್ (ಡೇಟಾಬೇಸ್‌ನ ನಕಲು) ತೆಗೆದು ಹೊಸದಕ್ಕೆ ತುಂಬಿಸಿ.

ಇಮೇಲ್ ಸರ್ವರ್ ಮನೆಯಿಂದ ನಡೆಸುವ ಆಸೆ ಇದ್ದರೆ ಬಿಟ್ಟುಬಿಡಿ. ಇಮೇಲ್ ಸಾಗುವ 25ನೇ ಪೋರ್ಟ್ ಹೆಚ್ಚಾಗಿ ಮುಚ್ಚಿರುತ್ತದೆ, ಮನೆಯ ವಿಳಾಸಗಳು ಬಹುಮಟ್ಟಿಗೆ ಮೊದಲೇ ತಡೆಪಟ್ಟಿಯಲ್ಲಿರುತ್ತವೆ.

ವಿದ್ಯುತ್ತಿನ ಲೆಕ್ಕ ಚಿಕ್ಕದು: ವರ್ಷಕ್ಕೆ 8760 ಗಂಟೆ, ಅಂದರೆ ಸದಾ ಉರಿಯುವ ಒಂದೊಂದು ವ್ಯಾಟ್‌ಗೂ ವರ್ಷಕ್ಕೆ 8.76 ಯೂನಿಟ್. ಹಳೆಯ ಡೆಸ್ಕ್‌ಟಾಪ್ ಸುಮ್ಮನಿದ್ದಾಗಲೂ 50 ವ್ಯಾಟ್ ಎಳೆದರೆ 438 ಯೂನಿಟ್. 8 ವ್ಯಾಟ್‌ನ ಮಿನಿ ಪಿಸಿ 70ರಲ್ಲಿ ಮುಗಿಸುತ್ತದೆ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಯುಪಿಎಸ್ ಕೂಡ ಜೊತೆಗೇ ಬಂದಂತೆ, ಆದರೆ ಸದಾ ಪೂರ್ತಿ ಚಾರ್ಜ್‌ನಲ್ಲಿಟ್ಟರೆ ಬ್ಯಾಟರಿ ಉಬ್ಬಬಹುದು. ಮಿತಿಯನ್ನು 60–80 ಪ್ರತಿಶತಕ್ಕೆ ಇಳಿಸಿಡಿ. ಯುಪಿಎಸ್ ಬೇರೆ ಕೊಂಡರೆ ರೂಟರ್ ಮತ್ತು ಫೈಬರ್ ಪೆಟ್ಟಿಗೆಯನ್ನೂ ಅದಕ್ಕೇ ಸಿಕ್ಕಿಸಿ.

ಒಂದೇ ಡೇಟಾವನ್ನು ಎರಡು ಡಿಸ್ಕಿನಲ್ಲಿ ಬರೆಯುವ ರೇಡ್ ಎಂದರೆ ಬ್ಯಾಕಪ್ ಅಲ್ಲ; ತಪ್ಪಿ ಅಳಿಸಿದ ಫೋಟೋ ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಯುತ್ತದೆ. ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಬಳಸಿ ಗೂಢಲಿಪಿಯಲ್ಲಿ ಒಂದು ಪ್ರತಿಯನ್ನು ಮನೆಯ ಹೊರಗೆ ಕಳಿಸಿ. ವರ್ಷಕ್ಕೆ ಎರಡು ಸಲವಾದರೂ ಬೇರೆ ಯಂತ್ರಕ್ಕೆ ಅದನ್ನು ಇಳಿಸಿ, ಇಮ್ಮಿಚ್ ನಿಜವಾಗಿ ಏಳುತ್ತದೆಯೇ, ಹಳೆಯ ಚಿತ್ರವೊಂದು ತೆರೆಯುತ್ತದೆಯೇ ನೋಡಿ. ಆ ಪರೀಕ್ಷೆಗೆ ಕೂತಾಗ ಮೊದಲು ಎದುರಾಗುವ ಪ್ರಶ್ನೆ ರೆಸ್ಟಿಕ್‌ನ ಪಾಸ್‌ವರ್ಡ್ ಎಲ್ಲಿದೆ ಎಂಬುದು. ಎಷ್ಟೋ ಮನೆಗಳಲ್ಲಿ ಅದು ವಾಲ್ಟ್‌ವಾರ್ಡನ್‌ನಲ್ಲಿರುತ್ತದೆ, ವಾಲ್ಟ್‌ವಾರ್ಡನ್ ಸತ್ತ ಸರ್ವರ್‌ನಲ್ಲಿರುತ್ತದೆ. ಅದೊಂದನ್ನು ಡೊಮೇನ್ ಖಾತೆಯ ಮತ್ತು ರೂಟರ್‌ನ ಪಾಸ್‌ವರ್ಡ್‌ಗಳ ಜೊತೆ ಕಾಗದದ ಮೇಲೆ ಬರೆದು, ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರುವ ಕಡೆ ಇಡಿ.